ಹಳೆ ಡ್ಯಾಟ್ಸನ್‌ಗೆ ಹೊಸ ಕ್ಯಾಮ್: ಮೂರು ವರ್ಷ, 9,400 ಕಿಲೋಮೀಟರ್ ಆದ ಮೇಲೆ

ಮೊದಲ ನಾಲ್ಕು ತಿಂಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು. ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಬಿಚ್ಚಿ ಮಾರಿಬಿಡೋಣ ಅಂತ ಎರಡು ಸಲ ನಿರ್ಧಾರ ಮಾಡಿದ್ದೆ. ಈಗ ಅದೇ ಕ್ಯಾಮ್ ಮೇಲೆ 9,400 ಕಿಲೋಮೀಟರ್ ಓಡಿಸಿದ್ದೇನೆ. ಐದಕ್ಕೆ ಮೂರೂವರೆ ಕೊಡುತ್ತೇನೆ. ಕಡಿದ ಒಂದೂವರೆ ಅಂಕದಲ್ಲಿ ಒಂದು ಕ್ಯಾಮ್‌ಗೆ ಸೇರಿದ್ದು, ಅರ್ಧ ಮಾರಿದವರಿಗೆ. ಮಾರಿದವರ ಹೆಸರು ಇಲ್ಲಿ ಬೇಡ.

ಕಾರು 1981ರ ಡ್ಯಾಟ್ಸನ್ 280ಝಡ್‌ಎಕ್ಸ್. ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದ ನಮ್ಮ ಸೋದರಮಾವ ವಾಪಸ್ ಬರುವಾಗ ತಂದದ್ದು. ಹಾಗಾಗಿ ಸ್ಟೀರಿಂಗ್ ಬಲಗಡೆ ಇದೆ. ಆರು ಸಿಲಿಂಡರಿನ 2,753 ಸಿಸಿ ಎಂಜಿನ್, ಅದಕ್ಕೆ ಬಾಷ್ ಎಲ್-ಜೆಟ್ರಾನಿಕ್ ಮಾದರಿಯ ಫ್ಯೂಯೆಲ್ ಇಂಜೆಕ್ಷನ್. ಬೆಳಗಾವಿಯಲ್ಲಿ ಇದನ್ನು ನೋಡಿದವರೆಲ್ಲ ಮೊದಲು ಕೇಳುವುದು "ಎಷ್ಟ್ ಕೊಡ್ತೈತ್ರಿ?" ಅಂತ. ಮೈಲೇಜ್ ಬಗ್ಗೆ ಆಮೇಲೆ ಹೇಳುತ್ತೇನೆ.

ಕ್ಯಾಮ್ ಬದಲಿಸಿದ್ದು ಶೋಕಿಗಲ್ಲ. ಟ್ಯಾಪೆಟ್ ಸದ್ದು ಜಾಸ್ತಿ ಆಗಿದೆ ಅಂತ ರಾಕರ್ ಕವರ್ ತೆಗೆದರೆ ಹಳೆ ಕ್ಯಾಮಿನ ಎರಡು ಲೋಬ್ (ವಾಲ್ವ್ ತೆರೆಸುವ ಉಬ್ಬು) ತುದಿಯಲ್ಲಿ ಗುಳಿ ಬಿದ್ದಿದ್ದವು. ಕಾರು ಹದಿನೈದು ವರ್ಷ ಮಾವನ ಗ್ಯಾರೇಜಿನಲ್ಲಿ ಸುಮ್ನೆ ನಿಂತಿತ್ತು. ಆಮೇಲೆ ಯಾರೋ ಹೊಸ ಕಾರುಗಳ ತೆಳು ಆಯಿಲ್ ಹಾಕಿದ್ದರು. ಈ ಎಂಜಿನ್‌ನಲ್ಲಿ ವಾಲ್ವ್ ಒತ್ತುವ ರಾಕರಿನ ಪ್ಯಾಡ್ ಲೋಬಿನ ಮೇಲೆ ನೇರವಾಗಿ ಉಜ್ಜುತ್ತದೆ, ನಡುವೆ ರೋಲರ್ ಇಲ್ಲ. ಆಯಿಲ್‌ನಲ್ಲಿ ಸತು ಮತ್ತು ರಂಜಕದ ಅಂಶ ಕಡಿಮೆಯಾದರೆ ಮೊದಲು ಸಾಯುವುದು ಕ್ಯಾಮೇ.

ಕಂಪನಿ ಕ್ಯಾಮ್ ಸಿಗಲಿಲ್ಲ. ಅಮೆರಿಕದಿಂದ ತರಿಸಿದ್ದು ರೀಗ್ರೈಂಡ್, ಅಂದರೆ ಹಳೆ ಶಾಫ್ಟನ್ನೇ ಹೊಸ ಆಕಾರಕ್ಕೆ ಅರೆದದ್ದು. ಕಂಪನಿ ಕ್ಯಾಮಿನ ಲಿಫ್ಟ್ (ವಾಲ್ವ್ ತೆರೆಯುವ ಎತ್ತರ) ಸುಮಾರು 10.5 ಮಿಲಿಮೀಟರ್, ವಾಲ್ವ್ ತೆರೆದಿರುವುದು ಕ್ರ್ಯಾಂಕ್ ತಿರುಗುವ 248 ಡಿಗ್ರಿ. ಇದರದು 11.7 ಮಿಲಿಮೀಟರ್, 270 ಡಿಗ್ರಿ. "ಇಂಜೆಕ್ಷನ್‌ಗೂ ನಡೆಯುತ್ತದೆ" ಅಂತ ಮಾರಿದವರು ಹೇಳಿದರು. ಕಸ್ಟಮ್ಸ್ ಸುಂಕ, ಕೊರಿಯರ್, ದಪ್ಪ ಲ್ಯಾಶ್ ಪ್ಯಾಡ್ (ವಾಲ್ವಿನ ತಲೆ ಮೇಲೆ ಕೂರುವ ಬಿಲ್ಲೆ) ಎಲ್ಲ ಸೇರಿ 70 ಸಾವಿರದ ಹತ್ತಿರ ಆಯಿತು. ಮನೆಯಲ್ಲಿ ಹೇಳಿದ ಲೆಕ್ಕ ಬೇರೆ.

ಜೋಡಿಸಿದ್ದು ಉದ್ಯಮಬಾಗದಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಮಿಸ್ತ್ರಿ ಕಾಕಾ. ಡಬ್ಬಿ ತೆರೆದ ಕೂಡಲೇ ಅವರು ಶಾಫ್ಟಿನ ಒಂದು ತುದಿ ಕಣ್ಣಿಗೆ ಹಿಡಿದು ನೋಡಿದರು. ಈ ಎಲ್ ಸರಣಿಯ ಕೆಲವು ಎಂಜಿನ್‌ಗಳಲ್ಲಿ ಆಯಿಲ್ ಹೊರಗಿನ ಪೈಪಿನಿಂದ ಕ್ಯಾಮ್ ಮೇಲೆ ಚಿಮ್ಮುತ್ತದೆ, ಕೆಲವದರಲ್ಲಿ ಕ್ಯಾಮಿನ ಒಳಗಿಂದಲೇ ಪ್ರತಿ ಲೋಬಿನ ತೂತಿಗೆ ಬರುತ್ತದೆ. ನನ್ನದು ಎರಡನೇ ಜಾತಿ. ತೂತುಗಳೇನೋ ಇದ್ದವು, ಆದರೆ ಒಂದರಲ್ಲಿ ಗ್ರೈಂಡಿಂಗ್ ಪುಡಿ ಗಟ್ಟಿಯಾಗಿ ಕೂತಿತ್ತು. ಸೀಮೆಎಣ್ಣೆ ಮತ್ತು ಸಣ್ಣ ತಂತಿಯಿಂದ ಕಾಕಾ ಅರ್ಧ ದಿನ ತೊಳೆದರು. ನೋಡದೆ ಹಾಕಿದ್ದರೆ ಆ ಲೋಬ್ ಮೊದಲ ದಿನವೇ ಹೋಗುತ್ತಿತ್ತು. ಮಾರಿದವರಿಗೆ ಅರ್ಧ ಅಂಕ ಕಡಿದದ್ದು ಇದಕ್ಕೇ. ಫೋಟೋ ಕಳಿಸಿದೆ. "ಜೋಡಿಸುವ ಮುಂಚೆ ತೊಳೆಯಬೇಕು ಅಂತ ಚೀಟಿಯಲ್ಲಿ ಬರೆದಿದೆ" ಅಂತ ಉತ್ತರ ಬಂತು. ಚೀಟಿಯಲ್ಲಿ ಬರೆದದ್ದು ನಿಜ.

ಈ ಎಂಜಿನ್‌ನಲ್ಲಿ ಹೆಡ್ ಬಿಚ್ಚದೆ ಕ್ಯಾಮ್ ಮುಂದಕ್ಕೆ ಎಳೆಯಬಹುದು, ರೇಡಿಯೇಟರ್ ತೆಗೆದರೆ ಸಾಕು. ಎರಡು ಎಚ್ಚರ ಬೇಕು. ಕ್ಯಾಮ್ ಕೂರುವ ಟವರ್‌ಗಳನ್ನು ಬಿಚ್ಚಬಾರದು, ಅವನ್ನು ಹೆಡ್ ಜೊತೆಗೇ ಒಂದೇ ಸಾಲಿನಲ್ಲಿ ಕೊರೆದಿರುತ್ತಾರೆ. ಕ್ಯಾಮ್ ತಿರುಗಿಸುವ ಚೈನ್ ನಡುವೆ ಮರದ ಬೆಣೆ ಹೊಡೆಯದೆ ಮೇಲಿನ ಸ್ಪ್ರಾಕೆಟ್ ಸಡಿಲ ಮಾಡಬಾರದು. ಚೈನ್ ಕೆಳಗೆ ಜಾರಿದರೆ ಟೆನ್ಷನರ್ ಹೊರಗೆ ಬೀಳುತ್ತದೆ, ಆಮೇಲೆ ಎಂಜಿನ್ನಿನ ಮುಂದಿನ ಕವರ್ ಪೂರ್ತಿ ಬಿಚ್ಚಬೇಕು. ಕಾಕಾ ಜಾಲಿ ಮರದ ತುಂಡಿನಿಂದ ಬೆಣೆ ಕೆತ್ತಿದರು. ಅದಕ್ಕೊಂದು ಹಗ್ಗ ಕೂಡ ಕಟ್ಟಿದರು, ಮರೆತು ಒಳಗೇ ಬಿಟ್ಟಾರು ಅಂತ.

ಲ್ಯಾಶ್ ಪ್ಯಾಡ್ ಕೆಲಸಕ್ಕೆ ಎರಡು ಸಂಜೆ ಹೋದವು. ಅರೆದ ಕ್ಯಾಮಿನ ಬೇಸ್ ಸಣ್ಣದಾಗುವುದರಿಂದ ವಾಲ್ವಿನ ತಲೆ ಮೇಲೆ ದಪ್ಪ ಪ್ಯಾಡ್ ಬೇಕು. ಇಲ್ಲದಿದ್ದರೆ ಲೋಬ್ ರಾಕರಿನ ನಡುವೆ ಉಜ್ಜದೆ ಅಂಚಿಗೆ ಹೋಗುತ್ತದೆ. ರಾಕರ್ ಪ್ಯಾಡಿಗೆ ಮಾರ್ಕರ್ ಬಳಿದು, ಎಂಜಿನ್ ಕೈಯಲ್ಲಿ ತಿರುಗಿಸಿ, ಬಣ್ಣ ಅಳಿಸಿದ ಜಾಗ ನೋಡಿದೆವು. ಸುಮಾರು 4.2 ಮಿಲಿಮೀಟರ್ ಪ್ಯಾಡಿನಲ್ಲಿ ಗುರುತು ನಡುವೆ ಬಂತು. ಪ್ಯಾಡನ್ನು ಇಲ್ಲೇ ಲೇತ್‌ನಲ್ಲಿ ಮಾಡಿಸೋಣವೇ ಅಂತ ಕೇಳಿದ್ದೆ. ಕ್ರ್ಯಾಂಕ್‌ಶಾಫ್ಟನ್ನೇ ತಯಾರಿಸುವ ಊರು, ಇಷ್ಟು ಸಣ್ಣ ಬಿಲ್ಲೆ ಆಗಲ್ವಾ? ಕಾಕಾ ಒಪ್ಪಲಿಲ್ಲ. "ಮಾಡೂದೇನ್ ದೊಡ್ಡದಲ್ರಿ. ಹಾರ್ಡ್‌ನೆಸ್ ಹನ್ನೆರಡಕ್ಕೂ ಒಂದ ಥರ ಬಂದೈತಿ ಅಂತ ಯಾರ್ ಹೇಳಾವ್ರು?"

ಮೊದಲ ಸಲ ಚಾಲೂ ಮಾಡಿದ ಮೇಲೆ 20 ನಿಮಿಷ 2,000 ಆರ್‌ಪಿಎಂಗಿಂತ ಕೆಳಗೆ ಇಳಿಸಬಾರದು. ಐಡ್ಲಿಂಗ್‌ನಲ್ಲಿ ಲೋಬಿಗೆ ಆಯಿಲ್ ಸಾಲುವುದಿಲ್ಲ, ಹೊಸ ಮೇಲ್ಮೈ ಕೂರುವ ಬದಲು ಕೆರೆದು ಹೋಗುತ್ತದೆ. ಇದನ್ನು ಶೆಡ್ಡಿನಲ್ಲೇ ಮಾಡಬೇಕಿತ್ತು. ನಾನು ಮನೆ ಮುಂದೆ ಮಾಡಿದೆ. ಹದಿನೈದನೇ ನಿಮಿಷಕ್ಕೆ ಎದುರು ಮನೆ ಆಯಿ ಹೊರಗೆ ಬಂದು "ಹೆಲಿಕಾಪ್ಟರ್ ಏನರ ಇಳಸಾಕತ್ತಿ ಏನೋ?" ಅಂದರು.

ಕಷ್ಟ ಶುರುವಾದದ್ದು ಆಮೇಲೆ. ಐಡ್ಲಿಂಗ್ 600ರಿಂದ 1,300ಕ್ಕೆ ಏರಿಳಿಯುತ್ತಿತ್ತು. 1,800ರ ಹತ್ತಿರ ಮುಗ್ಗರಿಸುತ್ತಿತ್ತು. ವ್ಯಾಕ್ಯೂಮ್ ಗೇಜ್‌ನಲ್ಲಿ (ಎಂಜಿನ್ ಹೀರುವ ಬಲ ತೋರಿಸುವ ಮೀಟರ್) ಬರೀ 9 ಇಂಚು ಪಾದರಸ. ಹಳೆ ಕ್ಯಾಮಿನಲ್ಲಿ 16 ಇರುತ್ತಿತ್ತು. (ಪುಸ್ತಕದಲ್ಲಿ 18, 19 ಅಂತ ನೋಡಿ ಗಾಬರಿಯಾಗಬೇಡಿ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಪ್ರತಿ ಸಾವಿರ ಅಡಿಗೆ ಒಂದು ಇಂಚು ತಾನಾಗಿಯೇ ಕಡಿಮೆಯಾಗುತ್ತದೆ.) ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಇಂಜೆಕ್ಷನ್ ಗಾಡಿಗೆ ದೊಡ್ಡ ಕ್ಯಾಮ್ ಆಗಲ್ಲ, ಇಂಜೆಕ್ಷನ್ ಕಿತ್ತು ಕಾರ್ಬ್ಯುರೇಟರ್ ಹಾಕಿಸು. ನಾನೂ ನಂಬಿದೆ. ಒಳಹೋಗುವ ಗಾಳಿ ಅಳೆಯುವ ಏರ್ ಫ್ಲೋ ಮೀಟರಿನ ಬೈಪಾಸ್ ಸ್ಕ್ರೂ ತಿರುಗಿಸುತ್ತಾ ಒಂದು ತಿಂಗಳು ಕಳೆದೆ.

ಕಾಕಾ ಒಂದು ದಿನ ಬಂದು, ಓಡುತ್ತಿದ್ದ ಎಂಜಿನ್ನಿನ ಆಯಿಲ್ ತುಂಬುವ ಮುಚ್ಚಳ ತೆಗೆದರು. ಏನೂ ಆಗಲಿಲ್ಲ. ಏನೂ ಆಗದಿರುವುದೇ ರೋಗ. ಈ ಇಂಜೆಕ್ಷನ್ ಒಳಗೆ ಹೋಗುವ ಗಾಳಿಯನ್ನು ಅಳೆದು ಪೆಟ್ರೋಲ್ ಕೊಡುತ್ತದೆ. ಮೀಟರ್ ದಾಟಿದ ಮೇಲೆ ಎಲ್ಲಿಂದ ಗಾಳಿ ಸೇರಿದರೂ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಎಂಜಿನ್ ಒಳಗಿನ ಆವಿ ಎಳೆಯುವ ಪಿಸಿವಿ ಪೈಪಿನ ಮೂಲಕ ಎಂಜಿನ್ನಿನ ಹೊಟ್ಟೆಯೂ ಮ್ಯಾನಿಫೋಲ್ಡಿಗೆ (ಸಿಲಿಂಡರಿಗೆ ಗಾಳಿ ಒಯ್ಯುವ ಕೊಳವೆಗೆ) ಸೇರಿಕೊಂಡಿರುತ್ತದೆ. ಹಾಗಾಗಿ ಸರಿ ಇರುವ ಎಂಜಿನ್ ಮುಚ್ಚಳ ತೆಗೆದ ಕೂಡಲೇ ತಡವರಿಸಬೇಕು. ನಮ್ಮದು ತಡವರಿಸಲಿಲ್ಲ ಅಂದರೆ ಇನ್ನೊಂದು ಬಾಗಿಲು ಮೊದಲೇ ತೆರೆದಿದೆ ಅಂತ ಅರ್ಥ.

"ಕ್ಯಾಮಿಗೆ ಬಯ್ಯಬ್ಯಾಡ್ರಿ ಸಾಹೇಬ್ರ. ಮದಲ ಗಾಳಿ ಎಲ್ಲಿಂದ ಹೊಕ್ಕಾಕತ್ತೈತಿ ನೋಡೂಣು."

ಎಂಜಿನ್ ಆರಿಸಿ, ಪಂಕ್ಚರ್ ಅಂಗಡಿಯ ಗಾಳಿಯನ್ನು ಕಡಿಮೆ ಒತ್ತಡದಲ್ಲಿ ಇನ್‌ಟೇಕ್ ಪೈಪಿಗೆ ಬಿಟ್ಟು, ಸೋಪಿನ ನೀರು ಸವರಿದೆವು. ರಾಕರ್ ಕವರಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಮೂಲೆಯಲ್ಲಿ ಗುಳ್ಳೆ ಬಂದವು. ಕ್ಯಾಮ್ ಹಾಕುವಾಗ ನಾವೇ ಕೂರಿಸಿದ ಗ್ಯಾಸ್ಕೆಟ್ ಅಲ್ಲಿ ಮಡಚಿತ್ತು. ಡಿಪ್‌ಸ್ಟಿಕ್ಕಿನ ರಬ್ಬರ್ ರಿಂಗ್ ಕೂಡ ಒಣಗಿ ಬಿರುಕು ಬಿಟ್ಟಿತ್ತು. ಎರಡಕ್ಕೂ ಸೇರಿ ಖರ್ಚು ಒಂದು ಸಾವಿರ ದಾಟಲಿಲ್ಲ.

ಐಡ್ಲಿಂಗ್ ಏರಿಳಿಯದೆ ಸ್ಥಿರವಾಯಿತು. ಆದರೆ ಕಾರು ಮೊದಲಿಗಿಂತ ಕೆಟ್ಟಿತು! ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್‌ಗಳ ಮೇಲೆ ಮಸಿ. ಮತ್ತೆ ಕ್ಯಾಮಿಗೆ ಬೈದೆ. ಈ ಸಲ ಸಿಕ್ಕಿಬಿದ್ದದ್ದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಸೆನ್ಸರಿನ ಬಾಯಲ್ಲೇ ಅಳೆದರೆ ಬಿಸಿ ಎಂಜಿನ್‌ನಲ್ಲಿ 310 ಓಮ್, ಸರಿಯಾಗೇ ಇತ್ತು. ಅದೇ ತಂತಿಯನ್ನು ಇಸಿಯು (ಇಂಜೆಕ್ಷನ್ ಕಂಪ್ಯೂಟರ್) ಪ್ಲಗ್ಗಿನಲ್ಲಿ ಅಳೆದರೆ 1,100 ಓಮ್. ನಡುವಿನ ಕನೆಕ್ಟರಿನಲ್ಲಿ ಹಸಿರು ಕಿಲುಬು. ಎಂಜಿನ್ ಇನ್ನೂ ತಣ್ಣಗಿದೆ ಅಂತ ನಂಬಿ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇತ್ತು. ಇದು ಹೊಸ ರೋಗವಲ್ಲ, ಎಷ್ಟೋ ವರ್ಷದಿಂದ ಇದ್ದದ್ದು. ಗ್ಯಾಸ್ಕೆಟ್ಟಿನ ಕಳ್ಳ ಗಾಳಿ ಒಂದು ಕಡೆ, ಸೆನ್ಸರಿನ ಹೆಚ್ಚುವರಿ ಪೆಟ್ರೋಲ್ ಇನ್ನೊಂದು ಕಡೆ. ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತಿತ್ತು. ನಿಮ್ಮ ಹಳೆ ಇಂಜೆಕ್ಷನ್ ಗಾಡಿಯಲ್ಲಿ ಒಂದು ಸರಿ ಮಾಡಿದ ಮೇಲೆ ಹೆಚ್ಚು ಕೆಟ್ಟರೆ, ಸರಿ ಮಾಡಿದ್ದನ್ನು ವಾಪಸ್ ಬಿಚ್ಚಬೇಡಿ. ಅಳತೆಯನ್ನು ಮಾತ್ರ ಸೆನ್ಸರಿನಲ್ಲಿ ನಿಲ್ಲಿಸದೆ ಇಸಿಯು ಪ್ಲಗ್ಗಿನವರೆಗೂ ಒಯ್ಯಿರಿ.

ಮೂರನೆಯದು ಪಿಕಪ್. 3,000ದ ಮೇಲೆ ಚೆನ್ನಾಗಿ ಎಳೆಯುತ್ತಿತ್ತು, ಕೆಳಗೆ ಜೀವವೇ ಇಲ್ಲ. ಡಿಗ್ರಿ ಚಕ್ರ ಮತ್ತು ಡಯಲ್ ಗೇಜ್ ಕಟ್ಟಿ ಅಳೆದೆವು. ಇನ್‌ಟೇಕ್ ಲೋಬಿನ ನಡು 108 ಡಿಗ್ರಿಗೆ ಬರಬೇಕು ಅಂತ ಕ್ಯಾಮ್ ಜೊತೆಗಿನ ಕಾರ್ಡಿನಲ್ಲಿತ್ತು. ಬಂದದ್ದು 114. ಹಿಂದೆ ಯಾವಾಗಲೋ ಹೆಡ್ ಕಾದು, ಅದನ್ನು ಸ್ಕಿಮ್ ಮಾಡಿಸಿದ್ದರು, ಅಂದರೆ ತಳ ಅರೆದು ಸಮ ಮಾಡಿಸಿದ್ದರು. ಹೆಡ್ ತಗ್ಗಿದರೆ ಕ್ಯಾಮ್ ತಡವಾಗುತ್ತದೆ, ಚೈನ್ ಹಿಗ್ಗಿದರೂ ಹಾಗೇ. ಡ್ಯಾಟ್ಸನ್ ತಯಾರಿಸಿದ ನಿಸ್ಸಾನ್ ಎಂಜಿನಿಯರುಗಳು ಇದಕ್ಕೆ ಅಂತಲೇ ಸ್ಪ್ರಾಕೆಟ್ಟಿನಲ್ಲಿ 1, 2, 3 ಅಂತ ಮೂರು ತೂತು ಕೊಟ್ಟಿದ್ದಾರೆ, ಒಂದೊಂದಕ್ಕೆ ಸುಮಾರು 4 ಡಿಗ್ರಿ ಮುಂದಕ್ಕೆ. ಎರಡನೇ ತೂತಿಗೆ ಹಾಕಿದೆವು, 110 ಬಂತು. ಅಲ್ಲಿಗೆ ಬಿಟ್ಟೆವು. ಹೊಂದಿಸಬಹುದಾದ ಸ್ಪ್ರಾಕೆಟ್ ತರಿಸಿ 108ಕ್ಕೇ ನಿಲ್ಲಿಸಬಹುದಿತ್ತು. ಆ ಎರಡು ಡಿಗ್ರಿಗೆ ಇನ್ನಷ್ಟು ಸಾವಿರ ಸುರಿಯುವ ಉಮೇದು ಉಳಿದಿರಲಿಲ್ಲ.

ಇದೆಲ್ಲ ಕಳೆದ ಮೇಲೆ ಉಳಿದದ್ದು ಮಾತ್ರ ಕ್ಯಾಮಿನ ನಿಜವಾದ ದೋಷ. ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ 12.5 ಇಂಚಿಗಿಂತ ಮೇಲೆ ಹೋಗುವುದಿಲ್ಲ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ ಆಗಿದೆ. ಹಾಗಾಗಿ ಸುಟ್ಟ ಗಾಳಿ ಇನ್‌ಟೇಕ್‌ಗೆ ವಾಪಸ್ ತಳ್ಳುತ್ತದೆ, ಆ ಬಡಿತಕ್ಕೆ ಏರ್ ಫ್ಲೋ ಮೀಟರಿನ ರೆಕ್ಕೆ ನಡುಗುತ್ತದೆ. ಮೀಟರಿನ ಕಪ್ಪು ಮುಚ್ಚಳ ತೆಗೆದು ನೋಡಿದರೆ ಮುಳ್ಳು ನಡುಗುವುದು ಕಣ್ಣಿಗೇ ಕಾಣುತ್ತದೆ. ಐಡ್ಲಿಂಗ್ 900ಕ್ಕೆ ಏರಿಸಿ, ಇಗ್ನಿಷನ್ ಟೈಮಿಂಗ್ ಸ್ವಲ್ಪ ಮುಂದೆ ತಂದ ಮೇಲೆ ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಒಂದು ವಿಷಯ ಗೊತ್ತಿರಲಿ: ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ನೋಡುವವರು ಇಂಥ ಕ್ಯಾಮಿನ ಐಡ್ಲಿಂಗ್ ಅಂಕಿಯನ್ನು ಪೂರ್ತಿ ನಂಬಬಾರದು. ಸುಡದೇ ದಾಟಿ ಬಂದ ಗಾಳಿಯನ್ನೂ ಅದು ಅಳೆದು, ಪೆಟ್ರೋಲ್ ಕಡಿಮೆ ಅಂತ ತೋರಿಸುತ್ತದೆ.

ವ್ಯಾಕ್ಯೂಮ್ ಕಡಿಮೆಯಾದರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರಿಗೂ ಕಡಿಮೆ. ಇದನ್ನು ಮಾರುವವರು ದೊಡ್ಡದಾಗಿ ಬರೆಯಬೇಕಿತ್ತು, ಎಲ್ಲೂ ಬರೆದಿಲ್ಲ. ತಿಲಕವಾಡಿಯ ರೈಲ್ವೆ ಗೇಟ್ ತೆರೆದಾಗ ಆಟೋ, ಬೈಕು ಎಲ್ಲ ಒಟ್ಟಿಗೆ ನುಗ್ಗುತ್ತವಲ್ಲ, ಅಲ್ಲಿ ಮೂರು ನಾಲ್ಕು ಸಲ ಬೇಗ ಬೇಗ ಬ್ರೇಕ್ ತುಳಿದರೆ ಪೆಡಲ್ ಕಲ್ಲಾಗುತ್ತದೆ. ಬೂಸ್ಟರ್ ಪೈಪಿನ ಒನ್-ವೇ ವಾಲ್ವ್ ಹೊಸದು ಹಾಕಿದ ಮೇಲೆ ವಾಸಿ. ಆದರೂ ನನ್ನ ಹೆಂಡತಿ ಊರೊಳಗೆ ಈ ಕಾರು ಓಡಿಸುವುದನ್ನು ಬಿಟ್ಟಿದ್ದಾಳೆ. ಒಂದು ಅಂಕ ಕಳೆದದ್ದು ಇಲ್ಲಿ.

ಊರು ದಾಟಿದ ಮೇಲೆ ಬೇರೆಯೇ ಕಾರು. ಕೊಲ್ಹಾಪುರದ ಕಡೆ ಹೋಗುವಾಗ ವಂಟಮುರಿ ಘಾಟಿನಲ್ಲಿ ಮೊದಲು ನಾಲ್ಕನೇ ಗೇರಿಗೆ ಇಳಿಸಬೇಕಿತ್ತು, ಈಗ ಐದರಲ್ಲೇ ಹತ್ತುತ್ತದೆ. 3,000ದಿಂದ 5,500ರವರೆಗಿನ ಎಳೆತಕ್ಕೆ ನಿಜವಾಗಿ ದುಡ್ಡು ಕೊಡಬಹುದು. ಚೋರ್ಲಾ ಘಾಟಿನ ತಿರುವುಗಳಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗಿನ ಸದ್ದು ಕೇಳಲಿಕ್ಕಾಗಿಯೇ ಗೋವಾಕ್ಕೆ ಕೆಲಸ ಹುಡುಕಿಕೊಂಡು ಹೋಗುತ್ತೇನೆ. ಮಳೆಗಾಲದಲ್ಲಿ ಮಾತ್ರ ಕಾರು ಶೆಡ್ಡಿನಲ್ಲೇ ಇರುತ್ತದೆ.

ಮೈಲೇಜ್ ಊರಲ್ಲಿ 7, ಹೈವೇಯಲ್ಲಿ 10. ಮೊದಲು ಎರಡೂ ಕಡೆ 8 ಇತ್ತು. ಹೈವೇಯಲ್ಲಿ ಜಾಸ್ತಿ ಆದದ್ದರ ಶ್ರೇಯಸ್ಸು ಕ್ಯಾಮಿಗಲ್ಲ, ಆ ಕಿಲುಬು ಹಿಡಿದ ಕನೆಕ್ಟರಿಗೆ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20ರವರೆಗೆ ಎಥೆನಾಲ್ ಸೇರಿದ ಪೆಟ್ರೋಲ್. ನನ್ನ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ಇಲ್ಲ, ಎಥೆನಾಲ್ ಬಂತು ಅಂತ ಕಂಪ್ಯೂಟರಿಗೆ ತಿಳಿಯುವುದಿಲ್ಲ, ಮಿಶ್ರಣ ತೆಳುವಾಗುತ್ತದೆ. ಏರ್ ಫ್ಲೋ ಮೀಟರಿನ ಸ್ಪ್ರಿಂಗನ್ನು ಎರಡು ಹಲ್ಲು ಸಡಿಲ ಮಾಡಿ ಸರಿಮಾಡಿಕೊಂಡೆವು. ಮೊದಲಿನ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿದ್ದೇವೆ. ಇಂಜೆಕ್ಟರ್ ಪೈಪುಗಳನ್ನೂ ಬದಲಿಸಿದೆವು.

ಸವೆತದ ವಿಷಯದಲ್ಲಿ ದೂರಿಲ್ಲ. ಆಯಿಲ್ 20ಡಬ್ಲ್ಯೂ-50, ಪ್ರತಿ 3,000 ಕಿಲೋಮೀಟರಿಗೆ ಬದಲು. ಟ್ಯಾಪೆಟ್ ಬಿಸಿ ಇದ್ದಾಗಲೇ ನೋಡುತ್ತೇವೆ, ಇನ್‌ಟೇಕ್ 0.25, ಎಕ್ಸಾಸ್ಟ್ 0.30 ಮಿಲಿಮೀಟರ್. ಮೊದಲ ಸಾವಿರ ಕಿಲೋಮೀಟರಿಗೆ ಮೂರು ವಾಲ್ವ್ ಸಡಿಲವಾಗಿದ್ದವು, ಅಲ್ಲಿಂದೀಚೆಗೆ ಒಂದೂ ಅಲುಗಿಲ್ಲ. ಹೋದ ತಿಂಗಳು ಕವರ್ ತೆಗೆದಾಗ ಹನ್ನೆರಡೂ ಲೋಬ್ ಕನ್ನಡಿಯ ಹಾಗಿದ್ದವು, ಪುಡಿ ಕಟ್ಟಿದ್ದ ಆ ಒಂದು ಸೇರಿ. ಗ್ಯಾಸ್ಕೆಟ್ ಮಾತ್ರ ಪ್ರತಿ ಸಲ ಹೊಸದೇ. ಹಿಂದಿನ ಮೂಲೆಯನ್ನು ಕಾಕಾ ಸಣ್ಣ ಕನ್ನಡಿ ಹಿಡಿದು ನೋಡುತ್ತಾರೆ, ಆಮೇಲೆ ಎಂಜಿನ್ ಚಾಲೂ ಮಾಡಿ ಆಯಿಲ್ ಮುಚ್ಚಳ ತೆಗೆಯುತ್ತಾರೆ. ಎಂಜಿನ್ ತಡವರಿಸಿದರೆ ಚಹಾ ತರಿಸುತ್ತಾರೆ.