ಫೆರುಮಾಕ್ಸಿಟಾಲ್: ಮೂತ್ರಪಿಂಡ ರೋಗಿಗಳ ಎಂಆರ್‌ಐಗೆ ಕಬ್ಬಿಣದ ನ್ಯಾನೋಕಣ

ಎಂಆರ್‌ಐ ತೆಗೆಯುವಾಗ ರಕ್ತನಾಳಗಳು ಸ್ಫುಟವಾಗಿ ಕಾಣಲೆಂದು ಸಾಮಾನ್ಯವಾಗಿ ಕೊಡುವ ಗ್ಯಾಡೋಲಿನಿಯಂ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಮೂತ್ರಪಿಂಡ ತೀರ ಹದಗೆಟ್ಟವರಲ್ಲಿ ಅದರ ಕೆಲವು ಬಗೆಗಳು ಚರ್ಮವನ್ನೂ ಒಳಾಂಗಗಳನ್ನೂ ಬಿಗಿಗೊಳಿಸುವ ಕಾಯಿಲೆಯನ್ನು ತರಬಲ್ಲವು ಎಂಬುದು 2006ರಲ್ಲಿ ಬೆಳಕಿಗೆ ಬಂತು. ಅಂಥ ರೋಗಿಗಳಿಗೆ ಅಮೆರಿಕದ ಹಲವು ಆಸ್ಪತ್ರೆಗಳು ಬಳಸುತ್ತ ಬಂದಿರುವ ಪರ್ಯಾಯವೇ ಫೆರಾಹೀಮ್ ಹೆಸರಿನಲ್ಲಿ ಮಾರಾಟವಾಗುವ ಫೆರುಮಾಕ್ಸಿಟಾಲ್. 2009ರಲ್ಲಿ ಇದಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದು ರಕ್ತಹೀನತೆಯ ಚಿಕಿತ್ಸೆಗೆ. ಚಿತ್ರಣಕ್ಕೆ ಇದನ್ನು ತಂದವರು ತಮ್ಮ ವಿವೇಚನೆಯ ಮೇಲೆ ಬಳಸಿದ ವೈದ್ಯರು.

‘ನ್ಯಾನೋ’ ಎಂದೊಡನೆ ಹಲವರು ಅಳುಕುತ್ತಾರೆ. ಈ ಔಷಧದ ಮಟ್ಟಿಗೆ ಆ ಅಳುಕು ತಪ್ಪು ಜಾಗದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಜಾತಿಯ ಹೊದಿಕೆಯುಳ್ಳ ಕಬ್ಬಿಣದ ಆಕ್ಸೈಡ್‌ನ ಈ ಕಣಗಳು ಮೂತ್ರಪಿಂಡದ ಸೋಸುವಿಕೆಗೆ ಸಿಗದಷ್ಟು ದೊಡ್ಡವು. ರಕ್ತದಲ್ಲಿ ಇವುಗಳ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 15 ಗಂಟೆ ಬೇಕಾಗುವುದರಿಂದ ಚಿತ್ರಗಳನ್ನು ನಿಧಾನವಾಗಿ ತೆಗೆಯಬಹುದು. ಆಮೇಲೆ ಯಕೃತ್ತು, ಗುಲ್ಮಗಳ ಭಕ್ಷಕ ಕೋಶಗಳು ಇವನ್ನು ಹೀರಿಕೊಂಡು, ಕಬ್ಬಿಣವನ್ನು ದೇಹದ ಸಂಗ್ರಹಕ್ಕೇ ಸೇರಿಸುತ್ತವೆ.

ನಿಜವಾದ ಅಪಾಯವಿರುವುದು ಸೂಜಿ ಚುಚ್ಚಿದ ಮೊದಲ ನಿಮಿಷಗಳಲ್ಲಿ. ಆರಂಭದಲ್ಲಿ 17 ಮಿ.ಲೀ.ನ ಇಡೀ ಸೀಸೆಯನ್ನು, ಅಂದರೆ 510 ಮಿ.ಗ್ರಾಂ. ಕಬ್ಬಿಣವನ್ನು, ದುರ್ಬಲಗೊಳಿಸದೆ 17 ಸೆಕೆಂಡುಗಳಷ್ಟು ವೇಗದಲ್ಲಿ ಕೊಡಲು ಅವಕಾಶವಿತ್ತು ಎಂಬುದನ್ನು ಈಗ ಓದಿದರೆ ಗಾಬರಿಯೇ ಆಗುತ್ತದೆ. ಅನುಮತಿ ದೊರೆತ ನಂತರದ ಐದು ವರ್ಷಗಳಲ್ಲಿ ತೀವ್ರ ಅಲರ್ಜಿಯ 79 ಪ್ರಕರಣಗಳು ವರದಿಯಾಗಿ, ಅವುಗಳಲ್ಲಿ 18 ಸಾವಿನಲ್ಲಿ ಕೊನೆಗೊಂಡವು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಔಷಧದ ವಿವರಪತ್ರದಲ್ಲಿ ಚೌಕಟ್ಟಿನ ಎಚ್ಚರಿಕೆ ಹಾಕಿಸಿ, ಔಷಧವನ್ನು ತೆಳುಗೊಳಿಸಿ ಕನಿಷ್ಠ 15 ನಿಮಿಷ ಹನಿಸಬೇಕು, ಬಳಿಕ ಕನಿಷ್ಠ 30 ನಿಮಿಷ ರೋಗಿಯ ಮೇಲೆ ಕಣ್ಣಿಡಬೇಕು, ರಕ್ತನಾಳದ ಮೂಲಕ ಕೊಡುವ ಯಾವುದೇ ಕಬ್ಬಿಣಕ್ಕೆ ಅಲರ್ಜಿ ಇದ್ದವರಿಗೆ ಕೊಡಲೇಬಾರದು ಎಂದು ವಿಧಿಸಿತು.

ಚಿತ್ರಣಕ್ಕೆಂದೇ ಬಳಸಿದವರ ಅನುಭವ ಇದಕ್ಕಿಂತ ಸಮಾಧಾನಕರ. 3,215 ರೋಗಿಗಳಿಗೆ ಕೊಟ್ಟ 4,240 ಚುಚ್ಚುಮದ್ದುಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರ ಅಥವಾ ಪ್ರಾಣಾಂತಿಕ ಪ್ರತಿಕ್ರಿಯೆ ಒಂದೂ ಕಾಣಲಿಲ್ಲ. ಆದರೂ ಅತಿ ವಿರಳವಾದ ಅಪಾಯವನ್ನು ಅಳೆಯಲು ಈ ಸಂಖ್ಯೆ ಸಾಲದು. ತುರ್ತು ಚಿಕಿತ್ಸೆಯ ಸಿದ್ಧತೆಯಿಲ್ಲದ ಸ್ಕ್ಯಾನಿಂಗ್ ಕೇಂದ್ರದಲ್ಲಿ ಇದನ್ನು ನಾನು ಒಪ್ಪಲಾರೆ. ಮೂತ್ರಪಿಂಡ ಸರಿಯಿದ್ದವರು ಇದನ್ನು ಬಯಸಲು ಕಾರಣವೂ ಕಡಿಮೆ.

ಇನ್ನೊಂದು ತೊಡಕು: ಒಮ್ಮೆ ಕೊಟ್ಟ ಕಬ್ಬಿಣ ಮೂರು ತಿಂಗಳವರೆಗೆ ಮುಂದಿನ ಎಂಆರ್‌ಐ ಚಿತ್ರಗಳನ್ನು ಬದಲಿಸಬಲ್ಲದು. ಎಕ್ಸ್‌ರೇಗೂ ಸಿಟಿಗೂ ಈ ಅಡ್ಡಿಯಿಲ್ಲ. ಆದ್ದರಿಂದ ಇದನ್ನು ರಕ್ತಹೀನತೆಗಾಗಿ ಪಡೆದವರೂ ಆ ಅವಧಿಯಲ್ಲಿ ಎಂಆರ್‌ಐಗೆ ಹೋದರೆ, ಪಡೆದ ದಿನಾಂಕವನ್ನು ರೇಡಿಯಾಲಜಿಸ್ಟ್‌ಗೆ ಮೊದಲೇ ತಿಳಿಸಬೇಕು.