ತಾರಸಿಯ ವೆಂಟ್ ಪೈಪ್ ನಾತ: ಪೈಪ್ ಏರಿಸೋದಾ, ಫಿಲ್ಟರ್ ಹಾಕೋದಾ?

ವೆಂಟ್ ಅಂದರೆ ಕೊಳಚೆ ಪೈಪಿನ ಗಾಳಿಯನ್ನು ತಾರಸಿ ಮೇಲೆ ಬಿಡುವ ಪೈಪ್. ಮೊದಲು ಬಚ್ಚಲಿನ ನಹಾನಿ ಟ್ರ್ಯಾಪಿಗೆ (ನೆಲದ ಜಾಲರಿ ಕೆಳಗೆ ನೀರು ನಿಂತು ನಾತ ತಡೆಯುವ ಬಟ್ಟಲು) ಒಂದು ಚೊಂಬು ನೀರು ಸುರಿದು ನೋಡಿ. ವಾಸನೆ ನಿಂತರೆ ತಪ್ಪು ವೆಂಟಿನದಲ್ಲ, ಒಣಗಿದ ಟ್ರ್ಯಾಪಿನದು.

ನಾತ ತಾರಸಿಯಲ್ಲೇ ಇದ್ದರೆ ಪೈಪ್ ಏರಿಸುವುದೇ ನಮ್ಮ ಆಯ್ಕೆ. 110 ಎಂಎಂ ಪಿವಿಸಿ ತುಂಡು, ಜೋಡಿಸಲು ಒಂದು ಕಪ್ಲರ್, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು), ಎರಡು ಕ್ಲ್ಯಾಂಪ್ ಸಾಕು. ಜನ ಓಡಾಡುವ ತಾರಸಿಯಾದರೆ ಪೈಪಿನ ಬಾಯಿ ತಾರಸಿ ನೆಲದಿಂದ 2 ಮೀಟರ್ ಮೇಲಿರಲಿ. ಕ್ಲ್ಯಾಂಪ್ ಹಾಕದೆ ಬಿಟ್ಟರೆ ಆಷಾಢದ ಗಾಳಿಗೆ ಜಾಯಿಂಟ್ ಸಡಿಲವಾಗುತ್ತದೆ, ಆಮೇಲೆ ಅಲ್ಲಿಂದಲೇ ನಾತ.

ಪಕ್ಕದ ಮನೆ ಕಿಟಕಿ ಇನ್ನೂ ಎತ್ತರದಲ್ಲಿದ್ದರೆ ಪೈಪಿನ ಬಾಯಿಗೆ ಇದ್ದಿಲಿನ ಫಿಲ್ಟರ್ ಇರುವ ಮುಚ್ಚಳ ಹಾಕಿ. ಇದ್ದಿಲು ಆಗಾಗ ಬದಲಿಸಬೇಕು. ಅದು ಮಳೆಗೆ ನೆನೆದು ಗಾಳಿಯ ದಾರಿ ಕಟ್ಟಿದರೆ, ಫ್ಲಶ್ ಮಾಡಿದಾಗಲೆಲ್ಲ ಟ್ರ್ಯಾಪ್ ಗುಳುಗುಳು ಅನ್ನುತ್ತದೆ. ಅದರ ನೀರು ಎಳೆದುಹೋಗಿ ವಾಸನೆ ಮನೆಯೊಳಕ್ಕೇ ಬರುತ್ತದೆ.

ಒಮ್ಮುಖ ಏರ್ ವಾಲ್ವ್ ಗಾಳಿಯನ್ನು ಪೈಪಿನೊಳಗೆ ಮಾತ್ರ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಸೆಪ್ಟಿಕ್ ಟ್ಯಾಂಕಿಗಿರುವ ಒಂದೇ ವೆಂಟಿಗೆ ಅದನ್ನು ಹಾಕಲೇಬೇಡಿ.