ಗಾಣದ ಬೇವಿನ ಎಣ್ಣೆ: ತೋಟದ ಮನೆಯ ನಾಯಿಗೆ ಎಷ್ಟು ಉಪಯೋಗ?

ಬೇವಿನ ಎಣ್ಣೆ ಹಚ್ಚಿದರೆ ನಾಯಿಯ ಉಣುಗು ಹೋಗುತ್ತದಾ? ನಮ್ಮ ಶಿರಸಿ ಕಡೆ ನಾಯಿ ಸಾಕಿದವರು ಸೇರಿದರೆ ಈ ಮಾತು ಬಂದೇ ಬರುತ್ತದೆ. ನಾವು ಕೆಲವು ವರ್ಷಗಳಿಂದ ಗಾಣದ ಬೇವಿನ ಎಣ್ಣೆ ಬಳಸುತ್ತಿದ್ದೇವೆ. ಉಪಯೋಗ ಖಂಡಿತ ಇದೆ. ಆದರೆ ಬಾಟಲಿ ಮೇಲೆ ಬರೆದಿರುವ ಉಪಯೋಗ ಬೇರೆ, ನಮಗೆ ಸಿಕ್ಕಿದ್ದು ಬೇರೆ.

ನಮ್ಮ ನಾಯಿಯ ಹೆಸರು ಕರಿಯ, ಊರ ನಾಯಿ. ಮನೆ ಎದುರು ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಪಕ್ಕದಲ್ಲೇ ಕೊಟ್ಟಿಗೆ. ತೋಟಕ್ಕೆ ಬಂದ ಮಂಗ ಓಡಿಸುವುದು ಅವನ ಕೆಲಸ. ರಾತ್ರಿ ಮಾತ್ರ ಒಳಗೇ ಮಲಗಿಸುತ್ತೇವೆ, ಚಿರತೆ ಭಯ. ಹೀಗೆ ಬೆಟ್ಟ ಸುತ್ತುವ ನಾಯಿಗೆ ಉಣುಗು ತಪ್ಪಿದ್ದಲ್ಲ. ಮಳೆ ನಿಂತು ಹುಲ್ಲು ಒಣಗಲು ಶುರುವಾದರೆ ಸಾಕು, ಮುಂದಿನ ಮಳೆಗಾಲದವರೆಗೂ ಅದೇ ಗೋಳು.

ಎಣ್ಣೆಯ ವಿಷಯಕ್ಕೆ ಬರೋಣ. ಬೇವು ಒಣ ನೆಲದ ಮರ, ನಮ್ಮ ಮಳೆಗೆ ಅಷ್ಟಾಗಿ ಒಗ್ಗುವುದಿಲ್ಲ. ಹಾಗಾಗಿ ನಮಗೆ ಸಿಗುವ ಎಣ್ಣೆ ಬಯಲುಸೀಮೆಯಿಂದ ಬಂದದ್ದು. ಅರ್ಧ ಲೀಟರಿಗೆ ಸುಮಾರು 300 ರೂಪಾಯಿ. ಒಳ್ಳೆಯ ಎಣ್ಣೆಗೆ ಕಂದು ಬಣ್ಣ ಇರುತ್ತದೆ, ಮುಚ್ಚಳ ತೆಗೆದರೆ ಬೆಳ್ಳುಳ್ಳಿಯ ಹಾಗೆ ಘಾಟು ಹೊಡೆಯುತ್ತದೆ. ತೆಳು ಬಣ್ಣದ, ವಾಸನೆಯೇ ಇಲ್ಲದ ಎಣ್ಣೆ ನಾವು ತರುವುದಿಲ್ಲ. ಬೇವಿನಲ್ಲಿ ಹುಳುಗಳಿಗೆ ಆಗದ ಮುಖ್ಯ ಅಂಶ ಅಜಾಡಿರಾಕ್ಟಿನ್. ಬಿಸಿಲು, ಬಿಸಿ ಎರಡೂ ಅದನ್ನು ಕೆಡಿಸುತ್ತವೆ. ಬಾಟಲಿ ಕತ್ತಲಲ್ಲಿ ಇರಲಿ. ಶಿರಸಿಯ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ. ಆಗ ಒಲೆ ಮೇಲೆ ಇಡಬೇಡಿ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಸಾಕು.

ಹಸಿ ಎಣ್ಣೆಯನ್ನು ನೇರವಾಗಿ ಹಚ್ಚಲೇಬಾರದು, ಚರ್ಮ ಉರಿಯುತ್ತದೆ. ನಾವು ಒಂದು ಚಮಚ ಬೇವಿನ ಎಣ್ಣೆಗೆ ಹತ್ತು ಚಮಚ ಕೊಬ್ಬರಿ ಎಣ್ಣೆ ಸೇರಿಸುತ್ತೇವೆ. ಮೊದಲ ಸಲವಾದರೆ ತೊಡೆಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಂದು ದಿನ ಕಾದು ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಮರಿಗಳಿಗೆ, ಗಬ್ಬದ ನಾಯಿಗೆ ಬೇಡ. ಹುಣ್ಣಿನ ಮೇಲೂ ಬೇಡ. ಕೈಗೆ ಜಿಡ್ಡು ಅಂಟದಷ್ಟು ತೆಳುವಾಗಿ ಹಚ್ಚಿದರೆ ಸಾಕು, ಇಲ್ಲದಿದ್ದರೆ ನಾಯಿ ಅದನ್ನೆಲ್ಲ ನೆಕ್ಕುತ್ತದೆ.

ಇನ್ನು ಉಣುಗು. ಈಗಾಗಲೇ ಕಚ್ಚಿ ಕೂತ ಉಣುಗು ಈ ಎಣ್ಣೆಗೆ ಬೀಳುವುದಿಲ್ಲ. ಹೊಸದಾಗಿ ಹತ್ತುವುದು ಸ್ವಲ್ಪ ಕಡಿಮೆಯಾಗುತ್ತದೆ. ಅದೂ ಎಣ್ಣೆಯ ಘಾಟು ಇರುವವರೆಗೆ ಮಾತ್ರ. ಒಂದು ಮಳೆಗೆ ಎಲ್ಲ ತೊಳೆದು ಹೋಗುತ್ತದೆ. ಉಂಬಳಕ್ಕೂ ಅಷ್ಟೇ, ಒದ್ದೆ ಹುಲ್ಲಿನಲ್ಲಿ ತೋಟದ ಕೊನೆ ಮುಟ್ಟುವಷ್ಟರಲ್ಲಿ ಕಾಲಿಗೆ ಹಚ್ಚಿದ್ದು ಉಳಿದಿರುವುದಿಲ್ಲ. ಚರ್ಮ ಒಣಗಿ ಹೊಟ್ಟು ಏಳುವುದು, ಸುಮ್ನೆ ಕೆರೆದುಕೊಳ್ಳುವುದು ಮಾತ್ರ ಕರಿಯನಿಗೆ ಚೆನ್ನಾಗಿ ಕಡಿಮೆಯಾಗಿದೆ. ಕೂದಲಿಗೂ ಹೊಳಪು ಬಂದಿದೆ. ಅದರಲ್ಲಿ ಕೊಬ್ಬರಿ ಎಣ್ಣೆಯ ಪಾಲು ಜಾಸ್ತಿ ಇರಬಹುದು.

ಹಾಗಾದರೆ ನಾವು ಇದನ್ನು ಬಿಡದೆ ಹಚ್ಚುವುದು ಯಾಕೆ? ಎಣ್ಣೆ ಹಚ್ಚುವ ನೆಪದಲ್ಲಿ ನಾಯಿಯ ಇಡೀ ಮೈ ಮೇಲೆ ಕೈ ಆಡುತ್ತದೆ. ನನ್ನ ಲೆಕ್ಕದಲ್ಲಿ ಈ ಬಾಟಲಿಯ ದೊಡ್ಡ ಲಾಭ ಇದೇ. ಉಣುಗು ಕೂರುವ ಜಾಗಗಳು ನೋಡಿದರೆ ಕಾಣುವುದಿಲ್ಲ, ಬೆರಳಿಗೇ ಸಿಗಬೇಕು. ಕಿವಿಯ ಒಳಮಡಿಕೆ, ಬೆರಳ ಸಂದಿ, ಕುತ್ತಿಗೆ ಪಟ್ಟಿಯ ಕೆಳಗೆ, ಬಾಲದ ಬುಡ, ತೊಡೆಸಂದಿ. ಬೆಟ್ಟದಿಂದ ಬಂದ ಸಂಜೆಯೇ ಅದು ಸಿಕ್ಕಿದರೆ ಉಣುಗಿನ ಜ್ವರ ಹರಡಲು ಅಷ್ಟು ಸಮಯ ಸಿಗುವುದಿಲ್ಲ. ಚರ್ಮದ ಹತ್ತಿರ ಚಿಮಟದಿಂದ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಸೋಪಿನ ನೀರಿಗೆ ಹಾಕಬೇಕು. ಉಗುರಲ್ಲಿ ಕುಟ್ಟಬೇಡಿ, ಕೈಗವಸು ಹಾಕಿಕೊಳ್ಳಿ. ನಾವಿರುವುದು ಮಂಗನ ಕಾಯಿಲೆಯ ಸೀಮೆ, ಅಲ್ವಾ? 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಮನುಷ್ಯರಿಗೆ ಬರುವುದು ಕಾಡಿನ ಉಣುಗಿನಿಂದ. ನಾಯಿಯ ಮೈಮೇಲೆ ಕೂತದ್ದು ಯಾವ ಜಾತಿಯದು ಎಂದು ನಾವು ನೀವು ಕಣ್ಣಲ್ಲಿ ನೋಡಿ ಹೇಳಲಾಗದು. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಿರಲಿ ಎಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಮನುಷ್ಯರಿಗೆ ಮಾತ್ರ. ಮೈ ನೆಕ್ಕುವ ನಾಯಿಗೆ ಅದನ್ನು ಹಚ್ಚಬೇಡಿ.

ಮೈ ತಡವಲು ನಾಯಿ ಬಿಡಬೇಕಲ್ಲ! ಬೇವಿನ ಘಾಟಿಗೆ ಕರಿಯ ಬಾಟಲಿ ಕಂಡರೆ ಸಾಕು ತೋಟಕ್ಕೆ ಇಳಿಯುತ್ತಿದ್ದ. ಇಬ್ಬರು ಹಿಡಿದು ಒತ್ತಿ ಹಚ್ಚುವುದು ನಮ್ಮ ಕಡೆಯ ರೂಢಿ. ನನಗೆ ಅದು ಬೇಡವಾಗಿತ್ತು. ಹಾಗೆ ಹಿಡಿದರೆ ನಾಯಿ ಎಣ್ಣೆಗೆ ಹೆದರುವುದಿಲ್ಲ, ನಮಗೇ ಹೆದರುತ್ತದೆ. ಅದಕ್ಕೆ ಮೊದಮೊದಲು ಮುಚ್ಚಳ ಹಾಕಿದ ಬಾಟಲಿಯನ್ನು ಜಗಲಿ ಮೇಲೆ ಇಟ್ಟು, ಅವನು ಹತ್ತಿರ ಬಂದರೆ ಒಂದು ಚೂರು ಒಣಕೊಬ್ಬರಿ ಕೊಟ್ಟೆ. ಅಷ್ಟೇ, ಎಣ್ಣೆ ಹಚ್ಚಲಿಲ್ಲ. ಆಮೇಲೆ ಮುಚ್ಚಳ ತೆಗೆದು ಇಟ್ಟೆ, ಮತ್ತೆ ಕೊಬ್ಬರಿ. ಆಮೇಲೆ ಬರಿಗೈಯಲ್ಲಿ ಕಿವಿ ಮುಟ್ಟಿದೆ, ಕೊಬ್ಬರಿ. ಪಾದ ಹಿಡಿದು ಬಿಟ್ಟೆ, ಕೊಬ್ಬರಿ. ಎದ್ದು ಹೋದರೆ ಹೋಗಲು ಬಿಟ್ಟೆ. ತಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಅವನೇ ವಾಪಸ್ ಬರತೊಡಗಿದ. ಈಗ ನನ್ನ ಮೊಣಕಾಲ ಮೇಲೆ ಗದ್ದ ಇಡುತ್ತಾನೆ. ಗದ್ದ ಇಟ್ಟಿದ್ದಾನೆ ಅಂದರೆ ಮುಂದುವರಿಸು ಅಂತ, ಎತ್ತಿದರೆ ನಿಲ್ಲಿಸು ಅಂತ. ನಾನು ನಿಲ್ಲಿಸುತ್ತೇನೆ. ಈ ಒಪ್ಪಂದವನ್ನು ನಾವು ಒಮ್ಮೆಯೂ ಮುರಿಯಬಾರದು. ಇದೇ ಅಭ್ಯಾಸದಿಂದ ಈಗ ಪಶು ವೈದ್ಯರು ಕಿವಿ ನೋಡಿದರೂ, ಚುಚ್ಚುಮದ್ದು ಕೊಟ್ಟರೂ ಸುಮ್ಮನೆ ನಿಲ್ಲುತ್ತಾನೆ. ಬಾಯಿಗೆ ಹಗ್ಗ ಕಟ್ಟುವ ಪ್ರಮೇಯವೇ ಬಂದಿಲ್ಲ. ಕೊಬ್ಬರಿ ಚೂರು ಸಣ್ಣದಿರಲಿ, ಜಿಡ್ಡು ಜಾಸ್ತಿಯಾದರೆ ಭೇದಿ ಆಗುತ್ತದೆ.

ಮನೆಮದ್ದು ಎಂದರೆ ಎಲ್ಲವೂ ಸೌಮ್ಯ ಎಂದು ದಯವಿಟ್ಟು ತಿಳಿಯಬೇಡಿ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುವವರಿದ್ದಾರೆ. ಕರ್ಪೂರ ನಾಯಿಗೆ ವಿಷ, ನೆಕ್ಕಿದರೆ ಫಿಟ್ಸ್ ಬರಬಹುದು. ಹೊಗೆಸೊಪ್ಪಿನ ನೀರಿನಲ್ಲಿ ನಿಕೋಟಿನ್ ಇದೆ, ಅದೂ ವಿಷ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ರಕ್ತದ ವಾಸನೆ ಬದಲಾಗಿ ಉಣುಗು ಬರುವುದಿಲ್ಲ ಅನ್ನುತ್ತಾರೆ. ನಿಜದಲ್ಲಿ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಈಗಾಗಲೇ ಉಣುಗು ರಕ್ತ ಹೀರಿದ ನಾಯಿಗೆ ಇದು ಬೇಕಾ?

ಉಣುಗು ವಿಪರೀತವಾದ ತಿಂಗಳುಗಳಲ್ಲಿ ನಾವು ಪಶು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ನಂಬುತ್ತೇವೆ. ಬೇವಿನ ಎಣ್ಣೆ ಅದರ ಜಾಗಕ್ಕೆ ಬರುವುದಿಲ್ಲ. ನಾಯಿ ಅನ್ನ ಬಿಟ್ಟು ಮೂಲೆ ಸೇರಿದರೆ, ವಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಉಣುಗಿನಿಂದ ನಾಯಿಗೆ ಬರುವ ಜ್ವರಗಳಾದ ಎರ್ಲಿಕಿಯಾ, ಬೇಬೀಸಿಯಾ ಎರಡಕ್ಕೂ ಔಷಧಿ ಇದೆ, ತಡ ಮಾಡಬಾರದು ಅಷ್ಟೇ. ನಾಯಿಯ ಮೈಬಿಸಿ ಸಹಜವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮೈ ಬಿಸಿ ಎಂದು ನಮ್ಮ ಜ್ವರದ ಮಾತ್ರೆ ಕೊಡಬೇಡಿ.

ಇನ್ನೊಂದು ವಿಷಯ. ನಾಯಿಗೆ ಹತ್ತುವ ಕಂದು ಉಣುಗು ಸಾವಿರಗಟ್ಟಲೆ ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ. ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಿ ಒಣಗಿಸಿ. ಜಗಲಿಯ ಬಿರುಕು ಮುಚ್ಚಿಸಿ. ನಮ್ಮಲ್ಲಿ ಎಣ್ಣೆಗಿಂತ ಹೆಚ್ಚು ವ್ಯತ್ಯಾಸ ಕಂಡಿದ್ದು ಇದರಿಂದಲೇ.

ಪೇಟೆಯಲ್ಲಿ ಸಿಗುವ ಬೇವಿನ ಸ್ಪ್ರೇ ಕೂಡ ಒಂದು ತಂದಿದ್ದೆವು. ಉಣುಗು ಪೂರ್ತಿ ಮಾಯ ಎಂದು ಬರೆದಿತ್ತು. ಬೇವು ಎಷ್ಟಿದೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಮೂಗು ತುಂಬ ಸುಗಂಧದ ವಾಸನೆ, ಕರಿಯ ದಿನವಿಡೀ ಸೀನಿದ. ಮತ್ತೆ ತರಲಿಲ್ಲ. ಗಾಣದ ಎಣ್ಣೆಯನ್ನಂತೂ ಮುಂದೆಯೂ ತರುತ್ತೇವೆ. ಕುಮಟಾದಲ್ಲಿರುವ ಅಕ್ಕನಿಗೂ ಒಂದು ಬಾಟಲಿ ಕಳಿಸಿದ್ದೇನೆ. ಅವಳ ಮನೆಯಲ್ಲಿ ಬೆಕ್ಕೂ ಇದೆ. ಬೆಕ್ಕಿಗೆ ಈ ಎಣ್ಣೆ ಹಚ್ಚುವುದು ಬೇಡವೇ ಬೇಡ. ನಾಯಿಗೆ ಹಚ್ಚಿದ ದಿನವೂ ಎರಡನ್ನೂ ಒಟ್ಟಿಗೆ ಮಲಗಿಸಬೇಡ ಎಂದು ಹೇಳಿದ್ದೇನೆ.